ಸೆಟ್ಟರ್ ಕೆಲಸ ಬಿಡುವ ಮುನ್ನ: ಕಾರ್ಖಾನೆಯ ತಿಳಿವಳಿಕೆಯನ್ನು ಲೆಕ್ಕಕ್ಕೆ ತರುವ ಸಮಗ್ರ ಮಾರ್ಗದರ್ಶಿ

ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ಇರುವ ಐವತ್ತು ಜನರ ಒಂದು ಯಂತ್ರಭಾಗ ಕಾರ್ಖಾನೆಯ ಸ್ವತ್ತುಗಳ ಪಟ್ಟಿ ತೆರೆದು ನೋಡಿ. ಸಿಎನ್‌ಸಿ ಲೇತ್, ಕಂಪ್ರೆಸರ್, ಕಚೇರಿಯ ಎ.ಸಿ., ಊಟದ ಕೋಣೆಯ ಸ್ಟೀಲ್ ಬೆಂಚು, ಎಲ್ಲಕ್ಕೂ ಒಂದು ಸಂಖ್ಯೆ, ಖರೀದಿ ಬೆಲೆ, ಸವಕಳಿ ದರ ಇರುತ್ತದೆ. ತೆಳುಗೋಡೆಯ ಉಂಗುರವನ್ನು ಲೇತ್‌ನ ಹಿಡಿಕೆಯಾದ ಚಕ್‌ನಲ್ಲಿ ಎಷ್ಟು ಒತ್ತಡದಲ್ಲಿ ಹಿಡಿದರೆ ಬಿಡಿಸಿದ ಮೇಲೂ ಅದು ದುಂಡಗೇ ಉಳಿಯುತ್ತದೆ ಎಂಬುದು ಮಾತ್ರ ಆ ಪಟ್ಟಿಯಲ್ಲಿಲ್ಲ. ಅದು ಒಬ್ಬ ಸೆಟ್ಟರ್‌ಗೆ, ಅಂದರೆ ಕೆಲಸಕ್ಕೆ ತಕ್ಕಂತೆ ಯಂತ್ರವನ್ನು ಹೊಂದಿಸಿಕೊಡುವವರಿಗೆ, ಗೊತ್ತು. ಅಂಥದೇ ಲೇತ್ ಪಕ್ಕದ ಕಾರ್ಖಾನೆಯಲ್ಲೂ ಇದೆ. ಆರ್ಡರ್ ನಿಮಗೆ ಬರುತ್ತಿರುವುದು ಆ ಸೆಟ್ಟರ್ ಇರುವುದರಿಂದ.

ಈ ಮಾರ್ಗದರ್ಶಿ ಇಪ್ಪತ್ತರಿಂದ ಇನ್ನೂರು ಜನರಿರುವ ಘಟಕಗಳ ಮಾಲೀಕರಿಗೆ ಮತ್ತು ಪ್ರೊಡಕ್ಷನ್ ಮ್ಯಾನೇಜರ್‌ಗಳಿಗೆ. ಆಡಿಟ್ ಕಚೇರಿ ಅಥವಾ ಮುದ್ರಣಾಲಯ ನಡೆಸುವವರು ಉದಾಹರಣೆಗಳನ್ನು ಬದಲಿಸಿಕೊಂಡರೆ ಸಾಕು, ಕ್ರಮ ಅದೇ. ಸಾಫ್ಟ್‌ವೇರ್ ಖರೀದಿಯ ಸಲಹೆ ಇಲ್ಲಿ ಸಿಗುವುದಿಲ್ಲ. ಈ ಕೆಲಸಕ್ಕೆ ಮೊದಲು ಬೇಕಾದದ್ದು ಒಂದು ನೋಟ್‌ಬುಕ್, ವಾರಕ್ಕೆ ಎರಡು ಗಂಟೆ ಯಂತ್ರದ ಸಮಯ ಮತ್ತು ಕಲಿಸುವವರಿಗೆ ಕೊಡಲು ಸ್ವಲ್ಪ ಹಣ.

ಈ ಸ್ವತ್ತಿನ ಸ್ವಭಾವ

ತಿಳಿವಳಿಕೆ ಬಳಸಿದರೆ ಸವೆಯುವುದಿಲ್ಲ. ಒಬ್ಬರು ಇನ್ನೊಬ್ಬರಿಗೆ ಕಲಿಸಿದರೆ ಕಾರ್ಖಾನೆಯ ಬಳಿ ಅದು ಎರಡು ಕಡೆ ಇರುತ್ತದೆ. ಈ ಕಾರಣಕ್ಕೆ ಅರ್ಥಶಾಸ್ತ್ರಜ್ಞರು ಇದನ್ನು ಉಕ್ಕು, ವಿದ್ಯುತ್ತುಗಳಿಗಿಂತ ಬೇರೆಯದೇ ಸಂಪನ್ಮೂಲವಾಗಿ ನೋಡುತ್ತಾರೆ. ಆದರೆ ಲೇತ್ ರಾತ್ರಿ ನಿಮ್ಮ ಶೆಡ್‌ನಲ್ಲೇ ಉಳಿಯುತ್ತದೆ, ತಿಳಿವಳಿಕೆ ಶಿಫ್ಟ್ ಮುಗಿದ ಕೂಡಲೇ ಬಸ್ ಹತ್ತಿ ಮನೆಗೆ ಹೋಗುತ್ತದೆ. ಅದು ಹಳತಾಗುತ್ತದೆ ಕೂಡ.

ಅದು ಪುಕ್ಕಟೆಯಾಗಿ ಬಂದದ್ದೂ ಅಲ್ಲ. 1936ರಲ್ಲಿ ಟಿ.ಪಿ. ರೈಟ್ ಎಂಬ ಅಮೆರಿಕದ ಎಂಜಿನಿಯರ್ ವಿಮಾನ ತಯಾರಿಕೆಯ ಲೆಕ್ಕಗಳನ್ನು ಮುಂದಿಟ್ಟು ಒಂದು ಮಾತು ತೋರಿಸಿಕೊಟ್ಟ: ಒಟ್ಟು ತಯಾರಾದ ವಿಮಾನಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಒಂದೊಂದು ವಿಮಾನಕ್ಕೆ ತಗಲುವ ಕೂಲಿಯ ವೆಚ್ಚ ಸುಮಾರು ಶೇಕಡ 20ರಷ್ಟು ಇಳಿಯುತ್ತದೆ. 1962ರಲ್ಲಿ ಕೆನೆತ್ ಆರೋ, ಮಾಡುತ್ತಾ ಕಲಿಯುವ ಈ ಗುಣವನ್ನು ಅರ್ಥಶಾಸ್ತ್ರದ ಸಿದ್ಧಾಂತದೊಳಕ್ಕೆ ತಂದರು. ನಿಮ್ಮ ಶೆಡ್‌ನ ಭಾಷೆಯಲ್ಲಿ ಹೇಳುವುದಾದರೆ, ಹತ್ತು ವರ್ಷಗಳಲ್ಲಿ ಸ್ಕ್ರ್ಯಾಪ್ ಡಬ್ಬಿಗೆ ಬಿದ್ದ ಪ್ರತಿಯೊಂದು ಜಾಬ್ (ಯಂತ್ರದಲ್ಲಿ ತಯಾರಾಗುವ ಭಾಗ) ಆ ಸೆಟ್ಟರ್‌ನ ಕಲಿಕೆಗೆ ನೀವು ಕಟ್ಟಿದ ಫೀಸು. ಅವರು ಬಿಟ್ಟು ಹೋದರೆ ಅದೇ ಫೀಸನ್ನು ಹೊಸಬರ ಹೆಸರಿನಲ್ಲಿ ಮೊದಲಿನಿಂದ ಕಟ್ಟಬೇಕು.

ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ. ಕಲಿಸಿದರೆ ಕಾರ್ಖಾನೆಗೆ ನಷ್ಟವಿಲ್ಲ, ನಿಜ, ಕಲಿಸಿದವರಿಗೆ ನಷ್ಟವಿದೆ. ನಿನ್ನೆಯವರೆಗೆ ಆ ಜಾಬ್ ಅವರಿಲ್ಲದೆ ನಡೆಯುತ್ತಿರಲಿಲ್ಲ, ನಾಳೆಯಿಂದ ನಡೆಯುತ್ತದೆ. ಸಂಬಳದ ಮಾತುಕತೆಯಲ್ಲಿ ಅವರ ಕೈ ಅಷ್ಟರಮಟ್ಟಿಗೆ ಸಡಿಲವಾಯಿತು. ಹಿರಿಯ ಕೆಲಸಗಾರರು ಗುಟ್ಟು ಬಿಟ್ಟುಕೊಡುವುದಿಲ್ಲ ಎಂದು ಗೊಣಗುವ ಮಾಲೀಕರನ್ನು ಸಾಕಷ್ಟು ನೋಡಿದ್ದೇನೆ. ತಮ್ಮ ಗ್ರಾಹಕರ ಪಟ್ಟಿಯನ್ನು ಅವರೇ ಯಾರಿಗಾದರೂ ಪುಕ್ಕಟೆ ಕೊಡುತ್ತಾರೆಯೇ? ಮುಂದಿನ ಹಂತಗಳೆಲ್ಲವೂ ಈ ಒಂದು ನಷ್ಟವನ್ನು ಯಾರು ತುಂಬಿಕೊಡುತ್ತಾರೆ ಎಂಬುದರ ಮೇಲೆ ನಿಂತಿವೆ.

ಹಂತ 1: ಕಳೆದುಕೊಂಡರೆ ಎಲ್ಲಿ ನೋಯುತ್ತದೆ ಎಂದು ಹುಡುಕಿ

ಎಲ್ಲರನ್ನೂ ಕೂರಿಸಿಕೊಂಡು ‘ನಿಮಗೆ ಏನೇನು ಗೊತ್ತು, ಬರೆಯಿರಿ’ ಎಂದು ಹಾಳೆ ಹಂಚಬೇಡಿ. ಬರೆಯಲು ಸುಲಭವಾದದ್ದಷ್ಟೇ ಆ ಹಾಳೆಗೆ ಬರುತ್ತದೆ. ಅದರ ಬದಲು ನಾಲ್ಕು ಕಡೆ ನೋಡಿ.

ಮೊದಲನೆಯದು ರಿಜೆಕ್ಷನ್ ರಿಜಿಸ್ಟರ್. ಒಂದೇ ಜಾಬ್ ಒಬ್ಬರು ರಜೆಯಲ್ಲಿದ್ದ ವಾರದಲ್ಲಿ ಹೆಚ್ಚು ಹಾಳಾಗಿದ್ದರೆ ಗುರುತು ಹಾಕಿ. ಎರಡನೆಯದು ರಜೆಯಲ್ಲಿರುವವರಿಗೆ ಹೋಗುವ ಫೋನ್ ಕರೆಗಳು. ಊರ ಜಾತ್ರೆಗೆ ಹೋದವರನ್ನು ಸೂಪರ್‌ವೈಸರ್ ಯಾವ ವಿಷಯಕ್ಕೆ ಮೂರು ಬಾರಿ ಕರೆದರು ಎಂದು ಕೇಳಿ ನೋಡಿ. ಇಷ್ಟು ನಿಖರವಾದ ಸಮೀಕ್ಷೆಯನ್ನು ಯಾವ ಸಲಹೆಗಾರರೂ ಮಾಡಿಕೊಡಲಾರರು. ಮೂರನೆಯದು ‘ಅವರ ಶಿಫ್ಟ್ ಬರಲಿ’ ಎಂದು ಕಾಯುತ್ತಿರುವ ಜಾಬ್‌ಗಳು. ನಾಲ್ಕನೆಯದು ಕೊಟೇಶನ್ ಕಡತ. ಯಾವ ಜಾಬ್‌ಗೆ ಗ್ರಾಹಕರು ನಿಮ್ಮಲ್ಲಿ ದರಕ್ಕಾಗಿ ಜಗ್ಗಾಡುವುದಿಲ್ಲವೋ ಅಲ್ಲಿ ನಿಮಗೆ ಏನೋ ಗೊತ್ತಿದೆ, ಬೇರೆಯವರಿಗೆ ಗೊತ್ತಿಲ್ಲ.

ಕಚೇರಿಯವರನ್ನು ಮರೆಯಬೇಡಿ. ಯಾವ ಗ್ರಾಹಕರ ಯಾವ ಅಧಿಕಾರಿಗೆ ಕರೆ ಮಾಡಿದರೆ ಬಾಕಿ ಹಣ ಬರುತ್ತದೆ ಎಂಬುದು ಲೆಕ್ಕ ವಿಭಾಗದ ಒಬ್ಬರಿಗೇ ಗೊತ್ತಿರುವುದು ಸಾಮಾನ್ಯ.

ಪಟ್ಟಿ ಹದಿನೈದು ಸಾಲು ಮೀರದಿರಲಿ. ಪ್ರತಿ ಸಾಲಿನಲ್ಲೂ ಕೆಲಸ, ಅದನ್ನು ಪೂರ್ತಿ ಬಲ್ಲವರು, ಅರೆಬರೆ ಬಲ್ಲವರು, ಈ ಮೂರು ಇದ್ದರೆ ಸಾಕು. ಪೂರ್ತಿ ಬಲ್ಲವರು ಒಬ್ಬರೇ ಇರುವ ಸಾಲುಗಳನ್ನು ಮೇಲಕ್ಕೆ ತನ್ನಿ.

ಐಎಸ್‌ಒ 9001 ಎಂಬ ಗುಣಮಟ್ಟ ವ್ಯವಸ್ಥೆಯ ಪ್ರಮಾಣಪತ್ರ ಇರುವವರಿಗೆ ಒಂದು ಮಾತು. 2015ರ ಆವೃತ್ತಿಯ 7.1.6ನೇ ಷರತ್ತು ಸಂಸ್ಥೆಗೆ ಬೇಕಾದ ಜ್ಞಾನವನ್ನು ಗುರುತಿಸಿ ಕಾಪಾಡಿಕೊಳ್ಳಬೇಕು ಎಂದೇ ಹೇಳುತ್ತದೆ. ಆಡಿಟರ್ ಬರುವ ಹಿಂದಿನ ರಾತ್ರಿ ತಯಾರಾಗುವ ಕಡತದ ಬದಲು ಈ ಹದಿನೈದು ಸಾಲುಗಳನ್ನೇ ಅಲ್ಲಿ ಇಡಬಹುದು.

ಹಂತ 2: ಬೆಲೆ ಕಟ್ಟಿ

ಬೆಲೆ ಕಟ್ಟದ ಯಾವುದಕ್ಕೂ ಬಜೆಟ್ ಸಿಗುವುದಿಲ್ಲ, ಅದಕ್ಕಾಗಿ ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ಕೇಳಬೇಕಾದ ಪ್ರಶ್ನೆ ಇಷ್ಟೆ: ಈ ತಿಳಿವಳಿಕೆ ನಾಳೆ ಇಲ್ಲವಾದರೆ, ಮತ್ತೆ ಅದೇ ಮಟ್ಟಕ್ಕೆ ಬರಲು ಎಷ್ಟು ಖರ್ಚು?

ತೆಳುಗೋಡೆಯ ಉಂಗುರದ ಸೆಟ್ಟಿಂಗ್ ಅನ್ನೇ ತೆಗೆದುಕೊಳ್ಳೋಣ. ಕೆಳಗಿನ ಅಂಕಿಗಳು ಲೆಕ್ಕದ ರೀತಿ ತೋರಿಸಲು ಇಟ್ಟುಕೊಂಡವು, ನಿಮ್ಮ ಅಂಕಿಗಳನ್ನು ಹಾಕಿಕೊಳ್ಳಿ. ಹೊಸ ಸೆಟ್ಟರ್ ಸ್ವತಂತ್ರವಾಗಿ ಕೆಲಸ ಮಾಡಲು 8 ತಿಂಗಳು ಬೇಕು, ಸಂಬಳ ಮತ್ತು ಪಿ.ಎಫ್. ಸೇರಿ ತಿಂಗಳಿಗೆ 40,000 ರೂಪಾಯಿ ಎನ್ನಿ. ಆ ಅವಧಿಯಲ್ಲಿ ಸರಾಸರಿ ಅರ್ಧ ಕೆಲಸವಷ್ಟೇ ಆಗುತ್ತದೆ ಎಂದರೆ ಕೆಲಸ ಸಿಗದೆ ಕೊಟ್ಟ ಸಂಬಳ 1,60,000. ತಿಂಗಳಿಗೆ 600 ಉಂಗುರ, ಹೆಚ್ಚುವರಿ ಸ್ಕ್ರ್ಯಾಪ್ ಶೇಕಡ 2, ಒಂದಕ್ಕೆ 900 ರೂಪಾಯಿ ಎಂದರೆ ತಿಂಗಳಿಗೆ 10,800; 8 ತಿಂಗಳಿಗೆ 86,400. ಪ್ರತಿ ಸೆಟ್ಟಿಂಗ್‌ಗೆ ಒಂದೂವರೆ ಗಂಟೆ ಹೆಚ್ಚು ಹಿಡಿದು ತಿಂಗಳಿಗೆ 20 ಸೆಟ್ಟಿಂಗ್ ಇದ್ದರೆ 30 ಗಂಟೆ ಯಂತ್ರ ನಿಂತಿರುತ್ತದೆ. ಗಂಟೆಗೆ 500 ರೂಪಾಯಿ ದರದಲ್ಲಿ 8 ತಿಂಗಳಿಗೆ 1,20,000. ನಿಮ್ಮ ಯಂತ್ರದ ಗಂಟೆ ದರದೊಳಗೆ ಕೂಲಿಯೂ ಸೇರಿದ್ದರೆ ಅದನ್ನು ಕಳೆದುಬಿಡಿ, ಇಲ್ಲವಾದರೆ ಎರಡು ಬಾರಿ ಎಣಿಸಿದಂತಾಗುತ್ತದೆ. ಒಟ್ಟು 3,66,400 ರೂಪಾಯಿ.

ಮುಂದಿನ ಒಂದು ವರ್ಷದಲ್ಲಿ ಆ ಸೆಟ್ಟರ್ ಬಿಡುವ ಸಾಧ್ಯತೆ ನಾಲ್ಕರಲ್ಲಿ ಒಂದು ಎಂದುಕೊಂಡರೆ ವರ್ಷದ ಅಪಾಯದ ಬೆಲೆ 91,600. ಇನ್ನೊಬ್ಬರಿಗೆ ಕಲಿಸುವುದರಿಂದ ನಷ್ಟ ಅರ್ಧದಷ್ಟಾದರೂ ತಪ್ಪುತ್ತದೆ ಎಂದರೆ ಕಲಿಸಲು 45,800ರವರೆಗೆ ಖರ್ಚು ಮಾಡಬಹುದು. ಖರ್ಚು ಎಷ್ಟಾಗುತ್ತದೆ? ವಾರಕ್ಕೆ 2 ಗಂಟೆ. ಕಲಿಸುವವರಿಗೆ ಗಂಟೆಗೆ 250, ಕಲಿಯುವವರಿಗೆ 120, ಯಂತ್ರಕ್ಕೆ 500, ಒಟ್ಟು 870. ಇಪ್ಪತ್ತಾರು ವಾರಕ್ಕೆ 45,240. ಅಂದರೆ ಈ ಅಂಕಿಗಳಲ್ಲಿ ಲಾಭ ಹೆಚ್ಚುಕಡಿಮೆ ಸೊನ್ನೆ! ಎರಡನೇ ಶಿಫ್ಟ್‌ನಲ್ಲೂ ಆ ಜಾಬ್ ಓಡಿಸಬಹುದು ಎನ್ನುವುದನ್ನು ಸೇರಿಸಿದಾಗ ಮಾತ್ರ ಲೆಕ್ಕ ನಿಮ್ಮ ಕಡೆಗೆ ವಾಲುತ್ತದೆ. ಎಲ್ಲವನ್ನೂ ಎಲ್ಲರಿಗೂ ಕಲಿಸುತ್ತೇವೆ ಎಂದು ಹೊರಡುವವರು ಇಂಥ ಒಂದು ಲೆಕ್ಕವನ್ನು ಮೊದಲು ಮಾಡಲಿ. ಪಟ್ಟಿಯ ಕೆಲವು ಸಾಲುಗಳಿಗೆ ಏನೂ ಮಾಡದಿರುವುದೇ ಅಗ್ಗ.

ಹಂತ 3: ಪ್ರತಿ ಸಾಲಿಗೂ ಒಂದು ದಾರಿ ಆರಿಸಿ

ತಿಳಿವಳಿಕೆಯನ್ನು ಉಳಿಸಿಕೊಳ್ಳುವುದೆಂದರೆ ಬರೆದಿಡುವುದು ಎಂದು ಬಹಳಷ್ಟು ಜನ ತಿಳಿದಿದ್ದಾರೆ. ಬರೆಯುವುದು ಹಲವು ದಾರಿಗಳಲ್ಲಿ ಒಂದು, ಅದರಲ್ಲೂ ದುರ್ಬಲವಾದದ್ದು.

ಎಲ್ಲಕ್ಕಿಂತ ಗಟ್ಟಿಯಾದದ್ದು ತಿಳಿವಳಿಕೆಯನ್ನು ವಸ್ತುವಿನೊಳಗೆ ಇಡುವುದು. ಜಾಬ್ ತಲೆಕೆಳಗಾಗಿ ಕೂರಬಾರದು ಎಂದು ಗೋಡೆಯ ಮೇಲೆ ಬರೆಯುವ ಬದಲು, ಜಾಬ್ ಹಿಡಿದಿಡುವ ಫಿಕ್ಸ್ಚರ್‌ಗೆ ಒಂದು ಪಿನ್ ಹಾಕಿಸಿ. ತಪ್ಪಾಗಿ ಇಟ್ಟರೆ ಕೂರುವುದೇ ಇಲ್ಲ. ಬೆಳಗಿನ ಮೊದಲ ಜಾಬ್ ಅಳತೆ ತಪ್ಪುತ್ತದೆ ಎಂದು ಅನುಭವಿಗಳಿಗೆ ಗೊತ್ತು, ಏಕೆಂದರೆ ಯಂತ್ರದ ತಿರುಗುವ ದಂಡವಾದ ಸ್ಪಿಂಡಲ್ ಬಿಸಿಯಾಗುತ್ತಾ ಕೆಲವು ಮೈಕ್ರಾನ್ ಹಿಗ್ಗುತ್ತದೆ. ಅದನ್ನು ಹೇಳಿಕೊಡುತ್ತಾ ಕೂರಬೇಕಿಲ್ಲ, ಯಂತ್ರ ಖಾಲಿಯಾಗಿ ಓಡಿ ಬಿಸಿಯಾಗುವ ಒಂದು ಪ್ರೋಗ್ರಾಂ ಬರೆದು ದಿನದ ಮೊದಲ ಕೆಲಸವಾಗಿ ಇಟ್ಟುಬಿಡಿ.

ಕೈಯಿಂದ ಕೈಗೆ ಕಲಿಸಬೇಕಾದದ್ದು ಎರಡನೆಯ ಬಗೆ: ಸ್ಕ್ರೇಪಿಂಗ್, ಡೈ ಫಿಟ್ಟಿಂಗ್, ಸದ್ದು ಕೇಳಿ ಇನ್ಸರ್ಟ್ (ಕತ್ತರಿಸುವ ಮೊನೆ) ಸವೆದಿದೆ ಎಂದು ಹೇಳುವುದು. ಮೂರನೆಯದು ಹಾಳೆಗೆ ಇಳಿಯುವಂಥದ್ದು. ಹೊರಗಿನಿಂದ ಕೊಳ್ಳಬಹುದಾದ್ದು ನಾಲ್ಕನೆಯದು. ಟೂಲ್ ಕಂಪನಿಯ ಮಾರಾಟ ಎಂಜಿನಿಯರ್ ಬಂದು ಪುಕ್ಕಟೆಯಾಗಿ ತೋರಿಸಿಕೊಡುವ ಕಟಿಂಗ್ ಸ್ಪೀಡ್‌ಗಾಗಿ ನಿಮ್ಮ ಸೆಟ್ಟರ್‌ನ ಸಮಯ ವ್ಯರ್ಥ ಮಾಡಬೇಡಿ. ಉಳಿದದ್ದನ್ನು ಬಿಟ್ಟುಬಿಡಿ.

ಹಂತ 4: ಹಾಳೆಗೆ ಇಳಿಸುವ ಕ್ರಮ

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಂದ ಗಂಡಸರು ಯುದ್ಧಕ್ಕೆ ಹೋದಾಗ ಹೊಸಬರನ್ನು ಬೇಗ ತಯಾರು ಮಾಡಲು ಒಂದು ತರಬೇತಿ ಕ್ರಮ ಹುಟ್ಟಿತು. ಯುದ್ಧಾನಂತರ ಅದು ಜಪಾನಿಗೆ ಹೋಗಿ ಟೊಯೊಟಾದಂಥ ಕಡೆ ಬೇರೂರಿತು. ಈಗ ಬಳಕೆಯಲ್ಲಿರುವ ಅದರ ಹಾಳೆಯಲ್ಲಿ ಮೂರೇ ಕಾಲಂ: ಮುಖ್ಯ ಹಂತ, ಅಲ್ಲಿ ಗಮನಿಸಬೇಕಾದದ್ದು, ಹಾಗೇಕೆ ಎಂಬ ಕಾರಣ. ಇಷ್ಟು ವರ್ಷಗಳಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಉಂಗುರದ ಜಾಬ್‌ಗೆ ಹಾಳೆ ಹೀಗಿರಬಹುದು:

ಹಂತ: ಸಾಫ್ಟ್ ಜಾ (ಚಕ್‌ನ ಮೆದು ಲೋಹದ ಹಿಡಿತದ ತುಂಡುಗಳು) ಬೋರ್ ಮಾಡುವುದು. ಗಮನ: ಉಂಗುರದ ಹೊರ ವ್ಯಾಸಕ್ಕೆ ಸರಿಯಾಗಿ, ಅಗಲವಾಗಿ ಅಪ್ಪುವಂತೆ. ಕಾರಣ: ಮೂರು ಬಿಂದುಗಳಲ್ಲಷ್ಟೇ ಒತ್ತಿದರೆ ಉಂಗುರ ಒಳಕ್ಕೆ ಬಾಗುತ್ತದೆ, ಬಾಗಿದ್ದಾಗ ದುಂಡಗೆ ಕೊರೆದದ್ದು ಬಿಡಿಸಿದಾಗ ಮೂರು ಉಬ್ಬುಗಳಾಗಿ ಏಳುತ್ತದೆ.

ಹಂತ: ರಫಿಂಗ್ (ಮೊದಲ ಒರಟು ಕಡಿತ) ಆದ ಮೇಲೆ ಚಕ್ ಸಡಿಲಿಸುವುದು. ಗಮನ: ಫಿನಿಶಿಂಗ್‌ಗೆ ಕಡಿಮೆ ಒತ್ತಡದಲ್ಲಿ ಮತ್ತೆ ಹಿಡಿಯಬೇಕು, ಒತ್ತಡದ ಅಂಕಿ ಯಂತ್ರದ ಸಂಖ್ಯೆಯೊಂದಿಗೆ ಬರೆದಿರಬೇಕು. ಕಾರಣ: ಒಂದು ಯಂತ್ರದ ಅಂಕಿ ಇನ್ನೊಂದಕ್ಕೆ ಹೊಂದುವುದಿಲ್ಲ.

ಹಂತ: ಅಳೆಯುವುದು. ಗಮನ: ಚಕ್‌ನಿಂದ ಬಿಡಿಸಿದ ನಂತರ, ಮೂರು ಬಿಂದುಗಳ ಗೇಜ್‌ನಲ್ಲಿ. ಕಾರಣ: ಮೂರುಬ್ಬಿನ ಆಕಾರ ಎರಡು ಬಿಂದುಗಳ ಗೇಜ್‌ನಲ್ಲಿ ಎಲ್ಲ ಕಡೆ ಒಂದೇ ವ್ಯಾಸ ತೋರಿಸಬಹುದು.

ಮೂರನೇ ಕಾಲಂ ಖಾಲಿ ಬಿಟ್ಟ ಹಾಳೆಯನ್ನು ಒಪ್ಪಿಕೊಳ್ಳಬೇಡಿ. ಕಾರಣ ಗೊತ್ತಿದ್ದವರು ಉಂಗುರದ ಅಳತೆ ಬದಲಾದಾಗಲೂ ಮುಂದಿನ ದಾರಿ ಹುಡುಕಿಕೊಳ್ಳುತ್ತಾರೆ, ಗೊತ್ತಿಲ್ಲದವರು ಹಳೆಯ ಅಂಕಿಗೆ ಜೋತುಬೀಳುತ್ತಾರೆ.

ಬರೆಯುವವರು ಸೆಟ್ಟರ್ ಆಗಿರಬಾರದು. ಕಲಿಯುವವರು ಬರೆಯಲಿ, ಬಲ್ಲವರು ಕೆಲಸ ಮಾಡುತ್ತಾ ಮಾತನಾಡಲಿ. ಆಮೇಲೆ ಪಾತ್ರ ಬದಲಿಸಿ: ಕಲಿಯುವವರು ಹಾಳೆ ನೋಡಿಕೊಂಡು ಮಾಡಲಿ, ಬಲ್ಲವರು ಕೈಕಟ್ಟಿ ನಿಲ್ಲಲಿ. ಎಲ್ಲಿ ಅವರ ಕೈ ತಡೆಯಲಾರದೆ ಮುಂದಕ್ಕೆ ಬರುತ್ತದೋ ಅಲ್ಲಿ ಹಾಳೆಯಲ್ಲಿ ಏನೋ ಬಿಟ್ಟುಹೋಗಿದೆ. ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ; ಎರಡು ನಿಮಿಷ ಮೀರಿದ ವಿಡಿಯೊ ಯಾರೂ ನೋಡುವುದಿಲ್ಲ. ಹಾಳೆಯ ಭಾಷೆ ಶೆಡ್‌ನ ಭಾಷೆಯಾಗಿರಲಿ. ಆಪರೇಟರ್‌ಗಳಲ್ಲಿ ಅರ್ಧದಷ್ಟು ಜನ ಒಡಿಶಾ, ಬಿಹಾರದವರಾಗಿದ್ದರೆ ಹಿಂದಿಯಲ್ಲೂ ಒಂದು ಪ್ರತಿ ಬೇಕು.

ಇಷ್ಟಾದರೂ ಒಂದು ಅಪಾಯ ಉಳಿಯುತ್ತದೆ: ಬಲ್ಲವರಿಗೇ ತಮಗೆ ಏನು ಗೊತ್ತು ಎಂಬುದು ಗೊತ್ತಿಲ್ಲದಿರುವುದು. ಅಮೆರಿಕದ ಡಬ್ಲ್ಯು76 ಅಣ್ವಸ್ತ್ರ ಸಿಡಿತಲೆಯಲ್ಲಿ ಫಾಗ್‌ಬ್ಯಾಂಕ್ ಎಂಬ ಗುಪ್ತ ವಸ್ತುವೊಂದಿದೆ. ಸಿಡಿತಲೆಗಳನ್ನು ನವೀಕರಿಸಲು ಹೊರಟಾಗ ಆ ವಸ್ತುವನ್ನು ಮತ್ತೆ ತಯಾರಿಸಲು ಬರಲಿಲ್ಲ. ತಯಾರಿಕೆಯ ದಾಖಲೆ ಬಹಳ ಕಡಿಮೆ ಇತ್ತು, ಬಲ್ಲವರು ಬಹುತೇಕ ಎಲ್ಲರೂ ನಿವೃತ್ತರಾಗಿದ್ದರು ಅಥವಾ ಸಂಸ್ಥೆ ಬಿಟ್ಟಿದ್ದರು ಎಂದು 2009ರಲ್ಲಿ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ವರದಿ ಮಾಡಿತು. ಹಳೆಯ ವಿಧಾನವನ್ನೇ ಅನುಸರಿಸಿದರೂ ಕೂಡಿಬರಲಿಲ್ಲ. ಹಳೆಯ ಕಚ್ಚಾವಸ್ತುವಿನಲ್ಲಿದ್ದ ಒಂದು ಕಶ್ಮಲವೇ ಗುಣಕ್ಕೆ ಕಾರಣವಾಗಿತ್ತು, ಹೊಸ ಶುದ್ಧೀಕರಣ ಅದನ್ನು ತೆಗೆದುಹಾಕುತ್ತಿತ್ತು ಎಂಬುದು ಆಮೇಲೆ ಪತ್ತೆಯಾಯಿತು. ಮೊದಲು ಮಾಡಿದವರಿಗೂ ಈ ಸಂಗತಿ ತಿಳಿದಿರಲಿಲ್ಲ. ಆದ್ದರಿಂದ ಹಾಳೆಯ ಕೆಳಗೆ ಕೂಲೆಂಟ್ ಯಾವ ಕಂಪನಿಯದು, ಬಾರ್ ಯಾವ ಮಿಲ್‌ನದು, ಯಂತ್ರ ಯಾವುದು ಎಂಬ, ಈಗ ಮುಖ್ಯವೆನಿಸದ ವಿವರಗಳನ್ನೂ ಬರೆಸಿಡಿ.

ಹಂತ 5: ಕೊಟ್ಟವರಿಗೆ ಕೊಡಿ

ಬಹುಮಾನದ ವಿಷಯದಲ್ಲಿ ಓದಿಕೊಳ್ಳಬೇಕಾದ ಎರಡು ಅನುಭವಗಳಿವೆ. ಒಂದು ಬೆಂಗಳೂರಿನದೇ. 2000ರ ದಶಕದ ಆರಂಭದಲ್ಲಿ ಇನ್ಫೋಸಿಸ್ ತನ್ನ ಕೆ-ಶಾಪ್ ಎಂಬ ಜ್ಞಾನಭಂಡಾರಕ್ಕೆ ಲೇಖನ ಕೊಟ್ಟವರಿಗೆ ಅಂಕಗಳನ್ನು ಕೊಡತೊಡಗಿತು, ಆ ಅಂಕಗಳನ್ನು ಉಡುಗೊರೆಗಳಾಗಿ ಬದಲಿಸಿಕೊಳ್ಳಬಹುದಿತ್ತು. ಲೇಖನಗಳು ರಾಶಿ ಬಿದ್ದವು. ಕೆಲಸಕ್ಕೆ ಬರುವುದನ್ನು ಆ ರಾಶಿಯೊಳಗಿಂದ ಹುಡುಕುವುದೇ ಕಷ್ಟವಾಯಿತು, ಮುಂದೆ ಕಂಪನಿ ನಿಯಮಗಳನ್ನು ಬಿಗಿಗೊಳಿಸಬೇಕಾಯಿತು. ಇನ್ನೊಂದು ಝೆರಾಕ್ಸ್ ಕಂಪನಿಯದು. 1990ರ ದಶಕದಲ್ಲಿ ಫ್ರಾನ್ಸ್‌ನಲ್ಲಿ ಮೊದಲಾದ ಯುರೇಕಾ ಎಂಬ ವ್ಯವಸ್ಥೆಯಲ್ಲಿ ನಕಲು ಯಂತ್ರ ದುರಸ್ತಿ ಮಾಡುವವರು ತಾವು ಕಂಡುಕೊಂಡ ಉಪಾಯಗಳನ್ನು ಸೇರಿಸುತ್ತಿದ್ದರು. ಅದೇ ಕಸುಬಿನ ಇತರರು ಪರೀಕ್ಷಿಸಿ ಒಪ್ಪಿದ ಮೇಲೆ, ಬರೆದವರ ಹೆಸರಿನೊಂದಿಗೆ ಅದು ಎಲ್ಲರಿಗೂ ತಲುಪುತ್ತಿತ್ತು.

ಇವೆರಡನ್ನೂ ಸೇರಿಸಿ ಸಣ್ಣ ಘಟಕಕ್ಕೆ ನಾನು ಹೇಳುವ ಕ್ರಮ ಇದು. ಹಾಳೆ ಬರೆಸಿದ್ದಕ್ಕೆ ದುಡ್ಡಿಲ್ಲ. ಆ ಹಾಳೆ ಹಿಡಿದು ಇನ್ನೊಬ್ಬರು ಸತತವಾಗಿ ಮೂರು ಬ್ಯಾಚ್‌ಗಳನ್ನು ರಿಜೆಕ್ಷನ್ ಇಲ್ಲದೆ ತೆಗೆದಾಗ ಕಲಿಸಿದವರಿಗೆ ಹಣ, ಕಲಿತವರಿಗೆ ದರ್ಜೆ. ಹಣ ಎಷ್ಟು? ಎರಡನೇ ಹಂತದ ಲೆಕ್ಕವೇ ಹೇಳುತ್ತದೆ. ತಪ್ಪುವ ನಷ್ಟದ ಹತ್ತರಲ್ಲೊಂದು ಭಾಗಕ್ಕೂ ಕಡಿಮೆ ಕೊಟ್ಟರೆ ಅದು ಅವಮಾನವಾಗುತ್ತದೆ. ಹಾಳೆಯ ಮೇಲೆ ಕಲಿಸಿದವರ ಹೆಸರು ಅಚ್ಚಾಗಿರಲಿ, ಅವರು ಸಂಸ್ಥೆ ಬಿಟ್ಟ ಮೇಲೂ ಉಳಿಯಲಿ.

ಇದಕ್ಕಿಂತ ಮುಖ್ಯವಾದದ್ದು ಒಂದು ಲಿಖಿತ ಮಾತು: ಕಲಿಸಿದವರ ಮೂಲ ವೇತನ, ಓವರ್‌ಟೈಮ್ ಅವಕಾಶ ಕಲಿಸಿದ ಕಾರಣಕ್ಕೆ ಕಡಿಮೆಯಾಗುವುದಿಲ್ಲ. ಓವರ್‌ಟೈಮ್ ಹಂಚಿಹೋಗುತ್ತದೆ ಎಂಬ ಭಯಕ್ಕೇ ಎಷ್ಟೋ ಕೌಶಲಗಳು ಗುಟ್ಟಾಗಿ ಉಳಿದಿವೆ. ಈ ಮಾತು ಕೊಡಲು ನಿಮ್ಮಿಂದ ಆಗದಿದ್ದರೆ ಇಲ್ಲಿಗೇ ನಿಲ್ಲಿಸಿ. ಮುಂದಿನದೆಲ್ಲ ಕಾಗದದ ಕೆಲಸವಾಗುತ್ತದೆ.

ಹಂತ 6: ಕಾನೂನು ಎಷ್ಟು ಕಾಯುತ್ತದೆ

ಕಡಿಮೆ ಕಾಯುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಒಬ್ಬರ ಕಾನೂನುಬದ್ಧ ವೃತ್ತಿ, ವ್ಯಾಪಾರಕ್ಕೆ ಅಡ್ಡಿಯಾಗುವ ಕರಾರು ಅಷ್ಟರಮಟ್ಟಿಗೆ ಅನೂರ್ಜಿತ. ‘ಕೆಲಸ ಬಿಟ್ಟ ಎರಡು ವರ್ಷ ಪ್ರತಿಸ್ಪರ್ಧಿಗಳಲ್ಲಿ ಸೇರಬಾರದು’ ಎಂದು ನೇಮಕಾತಿ ಪತ್ರದಲ್ಲಿ ಬರೆಸಿ ನೆಮ್ಮದಿಯಾಗಿ ನಿದ್ದೆ ಮಾಡುವವರು ಇದನ್ನು ವಕೀಲರ ಬಳಿ ಒಮ್ಮೆ ಕೇಳಿಕೊಳ್ಳಲಿ. ಡ್ರಾಯಿಂಗ್, ದರಪಟ್ಟಿಯಂಥ ನಿರ್ದಿಷ್ಟ ಮಾಹಿತಿಯ ಗೌಪ್ಯತೆಗೆ ಮಾಡಿಕೊಂಡ ಒಪ್ಪಂದ ಬೇರೆ ಮಾತು, ಅದಕ್ಕೆ ಬೆಲೆಯಿದೆ. ವ್ಯಾಪಾರ ರಹಸ್ಯಕ್ಕೆ ಪ್ರತ್ಯೇಕ ಕಾಯ್ದೆ ಬೇಕೆಂದು 2024ರಲ್ಲಿ ಕಾನೂನು ಆಯೋಗ ತನ್ನ 289ನೇ ವರದಿಯಲ್ಲಿ ಶಿಫಾರಸು ಮಾಡಿದೆ. ಪೇಟೆಂಟ್ 20 ವರ್ಷ ರಕ್ಷಣೆ ಕೊಡುತ್ತದೆ, ಆದರೆ ವಿಧಾನವನ್ನು ಬಹಿರಂಗಪಡಿಸಬೇಕು. ಶೆಡ್‌ನೊಳಗೆ ಅಡಗಿಸಿಡಬಹುದಾದ ಪ್ರಕ್ರಿಯೆಗೆ ಅದು ಅಷ್ಟಾಗಿ ಹೊಂದುವುದಿಲ್ಲ. ಮನುಷ್ಯರ ಕೈಯಲ್ಲಿ ಕುಳಿತ ಕೌಶಲವನ್ನು ಯಾವ ನ್ಯಾಯಾಲಯವೂ ನಿಮಗೆ ಬಿಡಿಸಿಕೊಡುವುದಿಲ್ಲ. ಅದೂ ಸರಿಯೇ.

ಹಂತ 7: ಪುಸ್ತಕದಲ್ಲಿ ಎಲ್ಲಿ ಬರೆಯುವುದು

ನಿಮ್ಮ ಆಡಿಟರ್ ಇದನ್ನು ಬ್ಯಾಲೆನ್ಸ್ ಶೀಟ್‌ಗೆ ಸೇರಿಸುವುದಿಲ್ಲ. ಅಮೂರ್ತ ಸ್ವತ್ತುಗಳ ಕುರಿತ ಲೆಕ್ಕಪತ್ರ ಮಾನದಂಡಗಳಾದ ಎಎಸ್ 26, ಇಂಡ್ ಎಎಸ್ 38 ಎರಡರ ಪ್ರಕಾರವೂ ತರಬೇತಿಯ ವೆಚ್ಚ ಆಯಾ ವರ್ಷದ ಖರ್ಚು. ಕೆಲಸಗಾರರ ಕೌಶಲದ ಮೇಲೆ ಸಂಸ್ಥೆಗೆ ಸಾಕಷ್ಟು ಹಿಡಿತ ಇರುವುದಿಲ್ಲ ಎಂಬುದು ಅದರ ಹಿಂದಿನ ವಾದ. ಆದ್ದರಿಂದ ನಿಮ್ಮದೇ ಒಳಲೆಕ್ಕ ಇಟ್ಟುಕೊಳ್ಳಿ. ಹದಿನೈದು ಸಾಲುಗಳ ಪಕ್ಕದಲ್ಲಿ ಬಲ್ಲವರ ಸಂಖ್ಯೆ, ಅಪಾಯದ ಬೆಲೆ, ಈ ತ್ರೈಮಾಸಿಕದಲ್ಲಿ ಮಾಡಿದ ಖರ್ಚು, ಈ ಮೂರು ಕಾಲಂ ಸಾಕು. ಯಂತ್ರದ ವಿಮೆಯ ಕಂತು ಪರಿಶೀಲಿಸುವ ಸಭೆಯಲ್ಲೇ ಇದನ್ನೂ ನೋಡಿ. ತರಬೇತಿಗೆಂದು ಮೀಸಲಿಟ್ಟ ವಾರದ ಎರಡು ಗಂಟೆಯನ್ನು ಪ್ರೊಡಕ್ಷನ್ ಪ್ಲಾನ್‌ನಲ್ಲಿ ಒಂದು ಜಾಬ್‌ನಂತೆ ನಮೂದಿಸಿ. ಬಿಡುವಾದಾಗ ಮಾಡೋಣ ಎಂದರೆ ತಿಂಗಳ ಕೊನೆಯ ಡಿಸ್ಪ್ಯಾಚ್ ಗಲಾಟೆ ಅದನ್ನು ನುಂಗುತ್ತದೆ.

ಹಾಳೆಗಳು ಯಂತ್ರದ ಪಕ್ಕದಲ್ಲೇ ಇರಲಿ, ಪ್ಲಾಸ್ಟಿಕ್ ಹೊದಿಕೆಯೊಳಗೆ. ವರ್ಷಕ್ಕೊಮ್ಮೆ ಎಲ್ಲವನ್ನೂ ಹೊರತೆಗೆದು ಯಾವುದರ ಮೇಲೆ ಎಣ್ಣೆಯ ಬೆರಳ ಗುರುತಿಲ್ಲವೋ ಅದನ್ನು ಮೊದಲು ಪ್ರಶ್ನಿಸಿ. ಆ ಜಾಬ್ ನಿಂತಿದ್ದರೆ ಹಾಳೆಯನ್ನು ಕಡತಕ್ಕೆ ಸೇರಿಸಿ. ಜಾಬ್ ಓಡುತ್ತಿದ್ದೂ ಹಾಳೆ ಹೊಸದಾಗೇ ಇದ್ದರೆ ಅಲ್ಲಿ ಬರೆದದ್ದು ಸುಳ್ಳು, ಮತ್ತೆ ಬರೆಸಿ.

ನಿವೃತ್ತಿಗೆ ಮೂರೇ ತಿಂಗಳು ಉಳಿದಿದ್ದರೆ

ಮೇಲಿನ ಕ್ರಮಕ್ಕೆ ಸಮಯವಿಲ್ಲ. ಆಗ ಪಟ್ಟಿಯ ಮೊದಲ ಮೂರು ಸಾಲುಗಳನ್ನಷ್ಟೇ ಹಿಡಿಯಿರಿ. ಹಿರಿಯರನ್ನು ಉತ್ಪಾದನೆಯಿಂದ ದಿನಕ್ಕೆ ಅರ್ಧ ಶಿಫ್ಟ್ ಬಿಡುಗಡೆ ಮಾಡಿ, ಕಲಿಯುವವರನ್ನು ಅವರೇ ಆರಿಸಿಕೊಳ್ಳಲಿ. ಮಾಲೀಕರು ಆರಿಸಿಕೊಟ್ಟವರಿಗೆ ಅವರು ಪಾಠ ಹೇಳಬಹುದು, ಮೆಚ್ಚಿದವರಿಗೆ ಮಾತ್ರ ಕೈಗುಣ ಬಿಟ್ಟುಕೊಡುತ್ತಾರೆ. ಹಾಳೆಗಿಂತ ಫಿಕ್ಸ್ಚರ್ ಮೇಲೆ ಖರ್ಚು ಮಾಡಿ. ನಿವೃತ್ತಿಯ ನಂತರ ಒಂದು ವರ್ಷ, ತಿಂಗಳಿಗೆ ಎರಡು ದಿನ ಬಂದುಹೋಗುವ ಒಪ್ಪಂದವನ್ನು ಈಗಲೇ ಬರೆದುಕೊಳ್ಳಿ. ದಿನದ ದರವನ್ನು ಅವರ ಕೊನೆಯ ಸಂಬಳದಿಂದ ಭಾಗಿಸಿ ತೆಗೆಯಬೇಡಿ, ಯಂತ್ರ ಒಂದು ದಿನ ನಿಂತರೆ ಆಗುವ ನಷ್ಟವನ್ನು ಮುಂದಿಟ್ಟುಕೊಂಡು ಮಾತನಾಡಿ. ಪ್ರಯಾಣದ ಖರ್ಚು ಬೇರೆ ಕೊಡಿ. ಫೋನ್‌ನಲ್ಲಿ ಕೇಳುವ ಸಲಹೆಗೂ ಗಂಟೆಯ ದರ ನಿಗದಿಯಾಗಿರಲಿ.